ಬಾದಾಮಿ ಮರದಡಿ ಬರೆದ ಸಾನೆಟ್

ಮಂಗಫ್, ಕುವೈತ್
೧೪ ನವೆಂಬರ್ ೨೦೨೫

ನನ್ನ ಲಿಜ್ಜಿಗೆ,

ಇಪ್ಪತ್ತಾರು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಲಕೋಟೆಯನ್ನು ಬದಿಗಿಡಬೇಡ. ಊರಿಗೆ ಹೊರಟಿರುವ ನಿನ್ನ ತಂಗಿ ನಿಖಿತಾಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಿ.ಎ. ಎರಡನೇ ವರ್ಷಕ್ಕಿದ್ದ ಆ ಅಮೆರಿಕನ್ ಸಾನೆಟ್ ನೆನಪಿದೆಯಾ? ಎಲೆ ಉದುರುವ ಕಾಡಿನ ಮೇಲಿನ ಹದಿನಾಲ್ಕು ಸಾಲು. ಜಗತ್ತೇ ಮೆಚ್ಚಿದ ಕವಿತೆ ಎಂದು ಮೇಷ್ಟ್ರು ಹೊಗಳುವಾಗ ನಮಗೆಲ್ಲ ನಿದ್ದೆ. ನೀನು ಮಾತ್ರ ಸಂಜೆ ಕಾಲೇಜಿನ ಹಿಂದೆ ಕೂತು, ಅವರ ಮೇಪಲ್ ಮರವನ್ನು ನಮ್ಮ ಬಾದಾಮಿ ಮರ ಮಾಡಿ ಕನ್ನಡದಲ್ಲಿ ಬರೆದೆ. ಕೆಂಪಾಗಿ ಉದುರಿದ್ದ ಎಲೆಯೊಂದನ್ನು ಹಾಳೆಯ ನಡುವೆ ಇಟ್ಟು ನನಗೆ ಓದಲು ಕೊಟ್ಟೆ. ನಾನು ಅದನ್ನು ನನ್ನ ಹೆಸರಿನಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟೆ. ಅದಕ್ಕೆ ಬಹುಮಾನ ಬಂತು. ಮರುದಿನದಿಂದ ನೀನು ಬೇರೆ ಬೆಂಚಿನಲ್ಲಿ ಕೂತೆ.

ಕಳೆದ ತಿಂಗಳು ಮಗಳು ಅನ್ವಿತಾ ಶಾಲೆಯಿಂದ ಅದೇ ಕವಿತೆ ತಂದಳು. “ನೂರು ವರ್ಷ ಹಳೇ ಪೋಯಮ್ ಅಂತೆ ಅಮ್ಮಾ. ವೈ ಇಸ್ ಇಟ್ ಸ್ಟಿಲ್ ಫೇಮಸ್?” ಎಂದು ಕೇಳಿದಳು. ಕಿಟಕಿಯಾಚೆ ಧೂಳು, ರಿಫೈನರಿಗೆ ಹೋಗುವ ಬಸ್ಸುಗಳು. ಕಾಡು ಕಾಣದ ಹುಡುಗಿಗೆ ಹೇಗೆ ವಿವರಿಸಲಿ? ನಿನ್ನ ಸಾಲುಗಳನ್ನು ಹೇಳಿದೆ. ಅವಳು ಫೋನ್ ಕೆಳಗಿಟ್ಟು, “ಇನ್ನೊಮ್ಮೆ ಹೇಳಮ್ಮ. ನೀನು ಬರೆದದ್ದಾ?” ಎಂದಳು. ಹೌದು ಎಂದುಬಿಟ್ಟೆ.

ಹೆಮ್ಮೆಯಿಂದ ಅವಳೇ ಹೋಗಿ ಕನ್ನಡ ಸಂಘದವರಿಗೆ ಹೇಳಿದಳು. ಹೋದ ಶುಕ್ರವಾರ ರಾಜ್ಯೋತ್ಸವದ ವೇದಿಕೆಗೆ ನನ್ನನ್ನು ಕರೆದರು. ಓದಿ ಮುಗಿಸಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವಳು ಅನ್ವಿತಾ. ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. “ಇದು ನಂದಲ್ಲ. ನನ್ನ ಫ್ರೆಂಡ್ ಲಿಜ್ಜಿ ಬರೆದದ್ದು. ನಾನು ಕದ್ದದ್ದು” ಎಂದು ಮೈಕಿನಲ್ಲೇ ಹೇಳಿದೆ.

ಅನ್ವಿತಾ ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮೂರನೇ ದಿನ ಬಂದು, “ಲಿಜ್ಜಿ ಆಂಟಿಗೆ ಸಾರಿ ಹೇಳಿದ್ಯಾ?” ಎಂದು ಕೇಳಿದಳು. ಇಲ್ಲ ಎಂದೆ. “ಮತ್ತೆ ನಮ್ಮತ್ರ ಹೇಳಿ ಏನು ಯೂಸ್?” ಎಂದಳು.

ಲಿಜ್ಜಿ, ಅಂದು ಬೆಂಚು ಬದಲಿಸಿದ ಮೇಲೆ ನೀನು ಒಂದು ಸಾಲನ್ನೂ ಬರೆಯಲಿಲ್ಲವೆಂದು ನಿಖಿತಾ ಹೇಳಿದಳು. ಆ ಮಾತು ಕೇಳಿದಂದಿನಿಂದ ನನಗೆ ನೆಮ್ಮದಿಯಿಲ್ಲ. ತಪ್ಪಾಯಿತು. ಕ್ಷಮಿಸಲು ಆಗದಿದ್ದರೂ ಮತ್ತೆ ಬರೆಯಲು ಶುರುಮಾಡು.

ನಿನ್ನ ಪಕ್ಕದಲ್ಲಿ ಕೂರುತ್ತಿದ್ದ
ಸುಗಂಧಿ

ತಾ.ಕ.: ಹದಿಮೂರನೇ ಸಾಲು ನನಗೆ ಮರೆತುಹೋಗಿ ಎಷ್ಟೋ ವರ್ಷವಾಯಿತು. ವೇದಿಕೆಯಲ್ಲಿ ಹೇಳಿದ್ದು ನಾನೇ ಕಟ್ಟಿದ ಸಾಲು; ಯಾರಿಗೂ ತಿಳಿಯಲಿಲ್ಲ. ಅನ್ವಿತಾ ಅದನ್ನೂ ಸೇರಿಸಿಕೊಂಡು ಇಡೀ ಕವಿತೆ ಬಾಯಿಪಾಠ ಮಾಡಿದ್ದಾಳೆ. ನಿನ್ನದು ಏನಿತ್ತು, ಅವಳಿಗಾದರೂ ಬರೆದು ಕಳಿಸುತ್ತೀಯಾ?