ಬೀಳುವಿಕೆ ಉಚಿತ

ಬುಧವಾರ, ಜೂನ್ ೧೧

ಬೆಳಿಗ್ಗೆ ಬನಹಟ್ಟಿ ಬಸ್ಸಿನಲ್ಲಿ ಇಬ್ಬರು ಹೆಂಗಸರು ಮೊಬೈಲ್ ನೋಡುತ್ತ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಇಣುಕಿದರೆ ನಮ್ಮ ಅಂಗಡಿಯದೇ ಜಾಹೀರಾತು: ‘ಸೀರೆ ಕೊಂಡರೆ ಬೀಳುವಿಕೆ ಉಚಿತ.’

‘ಫಾಲ್ ಉಚಿತ’ ಎಂದು ನಾನು ಬರೆದಿದ್ದೆ. ಮಾಲಕರ ಮಗ ಜಿನೇಶ ಅದನ್ನು ಮೊಬೈಲಿನಿಂದ ‘ಶುದ್ಧ ಕನ್ನಡ’ ಮಾಡಿಸಿದ್ದಾನೆ. ಕೆಳಗೆ ನನ್ನ ಹೆಸರು, ಎಂ.ಎ. ಸಮೇತ.

ಅಂಗಡಿಗೆ ಹೋದವಳೇ ಅವನಿಗೆ “ತಪ್ಪೈತ್ರಿ ಅದು,” ಅಂದೆ.

“ಮಂದಿ ನಗಾಕತ್ತಾರಂದ್ರ ನೋಡಾಕತ್ತಾರ ವೈಶಾಲಿ. ಇದಕ್ಕ ಮಾರ್ಕೆಟಿಂಗ್ ಅಂತಾರ. ನಿಮ್ಮ ಕಾಲೇಜಿನಾಗ ಕಲಿಸಲಿಲ್ಲೇನು?”

ಸೀರೆಯ ಅಂಚಿಗೆ ಹಚ್ಚುವ ಫಾಲ್ ಏನೆಂದು ತಿಳಿಯದವನು ಸೀರೆ ಅಂಗಡಿಯ ಗಾದಿ ಮೇಲೆ ಕೂತಿದ್ದಾನೆ. ನಕ್ಕವರೆಲ್ಲ ಗಿರಾಕಿಗಳಂತೆ! ನಗುವುದು ನನ್ನ ಕನ್ನಡಕ್ಕೆ. ಎದುರು ನಿಂತು ಇದನ್ನು ಹೇಳಲು ನನಗೆ ಬಾಯಿಲ್ಲ.

ಜಾಹೀರಾತು ಹಾಕುವ ಅಂಗಡಿಯ ಪೇಜಿನ ಪಾಸ್‌ವರ್ಡ್ ನನ್ನ ಹತ್ತಿರವೂ ಇದೆ. ನಾಳೆ ಆ ಸಾಲನ್ನು ಮುಟ್ಟುವುದಿಲ್ಲ. ನನ್ನ ಹೆಸರು ತೆಗೆದು ಅವನದನ್ನು ಹಾಕುತ್ತೇನೆ.