ನಡುಕಿಂಡಿ ಸೋರುವುದು ನಿಂತಿದೆ

ಪ್ರೀತಿಯ ದೊಡ್ಡಪ್ಪನಿಗೆ,

ನಮ್ಮ ಕಿಂಡಿ ಅಣೆಕಟ್ಟಿನ ನಡುಕಿಂಡಿ ಸೋರುವುದು ನಿಂತಿದೆ. ನೀರು ಕಾಲುವೆಯ ಬಾಯಿಗೆ ಏರಿದೆ. ಇದನ್ನು ಮೊದಲು ತಿಳಿಸಿದ್ದು ದೊಡ್ಡಮ್ಮ. ಇವತ್ತು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಯಿಂದ ಬಂದವಳು, "ಬಂತು ಕಣೋ" ಎಂದಷ್ಟೇ ಹೇಳಿ ಕಾಫಿಗೆ ನೀರಿಟ್ಟಳು. ನಾನು ಹೋಗಿ ಕಣ್ಣಾರೆ ನೋಡಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನೀವು ಜಗಲಿಯ ಮೇಲೆ ಪೇಪರ್ ಹರಡಿಕೊಂಡು ಕೂತಿರುತ್ತಿದ್ದದ್ದು ನೆನಪಾಗುತ್ತದೆ. ನಾನು ಹೊಳೆಯ ಕಡೆಯಿಂದ "ಅಯ್ಯೋ ದೊಡ್ಡಪ್ಪಾ" ಎಂದು ಓಡಿ ಬಂದರೆ ಕನ್ನಡಕದ ಮೇಲಿಂದ ನೋಡಿ ತಡೆಯುತ್ತಿದ್ದಿರಿ. "ಮೊದ್ಲು ಏನಾಯ್ತು ಹೇಳು. ಆಮೇಲೆ ಯಾರು ಹೇಳಿದ್ದು ಹೇಳು. ಅಯ್ಯೋ ಅನ್ನೋದನ್ನ ಕೊನೆಗಿಟ್ಕೋ, ಜಾಗ ಉಳಿದ್ರೆ ಹಾಕೋಣ." ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ನೀವು ಹೋದ ದಿನವೂ ಅಯ್ಯೋ ಎನ್ನುವುದನ್ನು ನಾನು ಕೊನೆಗೇ ಇಟ್ಟುಕೊಂಡಿದ್ದೆ. ಆಮೇಲೆ ಜಾಗ...

ಅಣೆ ಕಟ್ಟಿದ ಕಥೆಯನ್ನು ನೀವು ಹೇಳುವಾಗಲೆಲ್ಲ ಶುರುವಾಗುತ್ತಿದ್ದದ್ದು ಕಲ್ಲಿನಿಂದ. ಈ ದಡ ಸೊರಬ ತಾಲ್ಲೂಕು, ಆ ದಡ ಶಿಕಾರಿಪುರ. ಉದ್ಘಾಟನೆಯ ಕಲ್ಲು ಯಾವ ದಡದಲ್ಲಿ ನಿಲ್ಲಬೇಕು ಎಂದು ಗಲಾಟೆಯಾಯಿತು. ಇಲಾಖೆಯವರು ಸಾಕಾಗಿ ಎರಡು ಕಲ್ಲು ಕೆತ್ತಿಸಿದರು. ಇಲ್ಲಿಯದರಲ್ಲಿ ಅಣೆ ಸೊರಬದ್ದು, ಅಲ್ಲಿಯದರಲ್ಲಿ ಶಿಕಾರಿಪುರದ್ದು. ಎರಡೂ ಸರ್ಕಾರಿ ಕಲ್ಲು, ಎರಡೂ ಅಧಿಕೃತ! ನಮ್ಮ ಕಲ್ಲಿನ ಮೇಲೆ ಬಟ್ಟೆ ಒಗೆದು ಒಗೆದು ಅರ್ಧ ಅಕ್ಷರಗಳು ಸವೆದಿವೆ. ಅವರ ಕಲ್ಲಿಗೆ ಆ ದಡದ ಬಸವಣ್ಯಪ್ಪನವರು ವರ್ಷ ವರ್ಷ ಬಣ್ಣ ಹೊಡೆಯುತ್ತಾರೆ. ನಿಮಗೆ ಎರಡೂ ಸಂಕಟ.

ಆಗಲೇ ಅಲ್ಲವೇ ಆ ಪದ್ಧತಿ ಹುಟ್ಟಿದ್ದು? ಮಳೆಗಾಲ ಮುಗಿದ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಬೇಕು, ಸಾಲುಗಳ ನಡುವೆ ಹುತ್ತದ ಮಣ್ಣು, ಹುಲ್ಲು ಸುರಿದು ತುಳಿಯಬೇಕು. ಅವರವರ ದಡದ ಕಿಂಡಿ ಅವರವರದು. ನಡುಕಿಂಡಿ ಯಾರದು? ಮೊದಲ ವರ್ಷ ಇದೇ ಪ್ರಶ್ನೆಗೆ ಕೆಲಸ ನಿಂತಾಗ ಹಿರಿಯರು ತೀರ್ಮಾನ ಕೊಟ್ಟರು: ಎರಡೂ ದಡದಲ್ಲಿ ಯಾರ ಬಾಯಿ ಹೆಚ್ಚು ಜೋರೋ ಅವರಿಬ್ಬರೇ ಇಳಿಯಲಿ. ಈ ಕಡೆಯಿಂದ ನೀವು, ಆ ಕಡೆಯಿಂದ ಬಸವಣ್ಯಪ್ಪನವರು. ಇಬ್ಬರ ಸಿಟ್ಟೂ ಕಾಲಿಗಿಳಿದು ಆ ವರ್ಷ ನಡುಕಿಂಡಿಯಲ್ಲಿ ಒಂದು ಹನಿ ಸೋರಲಿಲ್ಲ. ಅಷ್ಟೇ, ಪ್ರತಿ ವರ್ಷ ನೀವಿಬ್ಬರೇ ಖಾಯಂ ಆದಿರಿ.

ದಡದಲ್ಲಿ ಕೂತು ಅದನ್ನು ನೋಡುವುದು ನಮಗೆ ಹಬ್ಬ. ಮೊದಲು ಹಲಗೆಗಳ ಸಂದಿಯಿಂದ ಬರೀ ದನಿ. ಮಣ್ಣು ಸುರಿದಂತೆಲ್ಲ, ನೀವು ತುಳಿದಂತೆಲ್ಲ, ಮೇಲೇರಿ ಬರುತ್ತಿದ್ದಿರಿ: ಎರಡು ತಲೆ, ಆಮೇಲೆ ನಾಲ್ಕು ಭುಜ. ಸಂದಿ ಎಷ್ಟು ಇಕ್ಕಟ್ಟೆಂದರೆ ಮುಖ ತಿರುಗಿಸಲೂ ಜಾಗವಿಲ್ಲ. "ನಿಮ್ಮ ತಾಲ್ಲೂಕಿಗೆ ನೀರು ಅಂದ್ರೇನು ಅಂತ ಗೊತ್ತಾಗಿದ್ದೇ ನಮ್ಮಿಂದ" ಎಂದು ನೀವು. "ನಿಮ್ಮ ತಾಲ್ಲೂಕಿನಾಗ ನೀರು ಬಿಟ್ರ ಇನ್ನೇನೈತಿ, ಹೇಳ್ರಿ ನೋಡೋಣ" ಎಂದು ಅವರು. ಮೊಣಕಾಲು ಕಾಣಿಸುವ ಹೊತ್ತಿಗೆ ಇಬ್ಬರಿಗೂ ಉಸಿರು ಕಟ್ಟಿರುತ್ತಿತ್ತು. ಮೇಲೆ ಬಂದು ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದಿರಿ. ಚೀಲ ಯಾರದು ಎಂಬ ಬಗ್ಗೆ ಮಾತ್ರ ಯಾಕೆ ಜಗಳ ಬರುತ್ತಿರಲಿಲ್ಲ?

ನೀವು ಹೋದದ್ದು ಮಳೆಗಾಲದಲ್ಲಿ. ತಿಥಿ ಮುಗಿದ ದಿನ ಅತ್ತೆಯಂದಿರು, ಮಾವಂದಿರು ಎಲ್ಲ ಕೂತು ತಗ್ಗಿನ ಗದ್ದೆಯನ್ನು ಗೇಣಿಗೆ ಕೊಡೋಣ ಎಂದರು. ದೊಡ್ಡಮ್ಮ ಮಜ್ಜಿಗೆ ಬಡಿಸುತ್ತಲೇ ಹೇಳಿದಳು: "ಈ ಬೇಸಿಗೆ ನಾನೇ ಭತ್ತ ಹಾಕ್ತೀನಿ. ಬೆಳೆ ಬಂದ್ರೆ ಗದ್ದೆ ನನ್ನ ಕೈಲಿರುತ್ತೆ. ಬರ್ಲಿಲ್ಲ ಅಂದ್ರೆ ನಿಮ್ಮಿಷ್ಟ, ನಾನು ಬಾಯಿ ಬಿಡಲ್ಲ." ದೊಡ್ಡಮ್ಮ ಬಾಯಿ ಬಿಡದ ಮನೆಯನ್ನು ನಮಗ್ಯಾರಿಗೂ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಒಪ್ಪಿದರು. ಮಳೆ ನಿಂತ ಮೇಲೆ ಅವಳು ಬಾವಿಯ ನೀರು ಹೊತ್ತು ಸಸಿಮಡಿ ಮಾಡಿದಳು.

ಹಲಗೆ ಇಳಿಸುವ ದಿನ ನಿಮ್ಮ ಜಾಗಕ್ಕೆ ನನ್ನನ್ನು ಇಳಿಸಿದರು. ನನಗೆ ಜಗಳ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತು; ಆದರೆ ಮನೆತನ ನೋಡಿ ಆರಿಸಿದರು. ಬಸವಣ್ಯಪ್ಪನವರೇ ಶುರು ಮಾಡಿಕೊಟ್ಟರು: "ಅಣೆ ಶಿಕಾರಿಪುರದ್ದು. ಏನಂತಿ ತಮ್ಮಾ?" ನಾನು, "ಎರಡೂ ಕಡೆ ಕಲ್ಲಿದೆ, ಆದ್ದರಿಂದ ಖಚಿತವಾಗಿ ಹೇಳಲಾಗದು" ಎಂದೆ. ಅವರು ತುಳಿಯುವುದನ್ನೇ ನಿಲ್ಲಿಸಿದರು. "ನಿಮ್ಮ ದೊಡ್ಡಪ್ಪಾರಾಗಿದ್ರ ಇಷ್ಟೊತ್ತಿಗೆ ನಮ್ಮ ಮುತ್ತಜ್ಜನ ತನಕ ಹೋಗಿರೋರು. ನೀನೇನೋ, ಆಕಾಶವಾಣಿ ವಾರ್ತೆ ಓದಿದಂಗ ಮಾತಾಡ್ತಿ." ಕಾಲು ಎತ್ತಿ ಇಟ್ಟೆವು, ಎತ್ತಿ ಇಟ್ಟೆವು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ.

ಸೋರಿತು ದೊಡ್ಡಪ್ಪಾ. ಮೊದಲು ಬೆರಳಿನಷ್ಟು, ಆಮೇಲೆ ತೋಳಿನಷ್ಟು. ಹೊಳೆಯ ಹರಿವು ಇಳಿಯುತ್ತಾ ಬಂತು, ನೀರು ಕಾಲುವೆಯ ಬಾಯಿಗೆ ಏರಲೇ ಇಲ್ಲ. ಮಡಿಯಲ್ಲಿ ಸಸಿ ಬೆಳೆದು ನಿಂತಿತು, ಗದ್ದೆ ಒಣಗಿ ನಿಂತಿತು. ಮಾವ ಗೇಣಿಗೆ ಯಾರನ್ನೋ ಕರೆತಂದು ಗದ್ದೆ ತೋರಿಸಿಕೊಂಡೂ ಹೋದರು. ದೊಡ್ಡಮ್ಮ ಅವರಿಗೂ ಕಾಫಿ ಕೊಟ್ಟಳು. ಮಾತಾಡಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ನಿನ್ನೆ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿ ಅಣೆ ದಾಟಿದಳು. ನಾನು ಹಿಂದೆ. ಬಸವಣ್ಯಪ್ಪನವರು ತಮ್ಮ ಬಣ್ಣದ ಕಲ್ಲಿಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

"ಗಿರಿಜಕ್ಕಾರೆ, ಗೊತ್ತೈತ್ರಿ, ಸೋರಾಕತ್ತೈತಿ. ಮಂಡಿ ನೋವು. ಅದೂ ಅಲ್ಲದ ಎದುರಿಗೆ ಅವ್ರಿಲ್ಲ. ಕಾಲೇ ಏಳಂಗಿಲ್ರಿ."

"ಇರ್ಲಿ ಬಿಡಿ" ಎಂದಳು ದೊಡ್ಡಮ್ಮ. "ನಮ್ಮನೆಯವ್ರು ಹೇಳ್ತಿದ್ದಿದ್ದೂ ಅದೇ."

"ಏನು ಹೇಳ್ತಿದ್ರು?"

"ಇಷ್ಟು ವರ್ಷ ನಡುಕಿಂಡಿ ತುಳಿದಿದ್ದು ತಾನೊಬ್ನೇ, ಬಸವಣ್ಯಪ್ಪ ಬಾಯಲ್ಲೇ ತುಳಿಯೋದು ಅಂತ."

"ಹಂಗಂದ್ರಾ?"

"ಆಸ್ಪತ್ರೇಲೂ ಅಂದ್ರು."

ಬಸವಣ್ಯಪ್ಪನವರು ಎದ್ದು ನಿಂತರು. ಮಂಡಿ ಎಲ್ಲಿ ಹೋಯಿತೋ! "ತಮ್ಮಾ, ಮಣ್ಣು ತರಸು" ಎಂದರು.

ಮೇಲಿನ ಮಣ್ಣು ತೋಡಿ ತೆಗೆಸಿ, ಹೊಸ ಮಣ್ಣು ಸುರಿಸಿ ಇಬ್ಬರೂ ಇಳಿದೆವು. ಎದುರಿಗಿದ್ದದ್ದು ನಾನು, ಆದರೆ ಅವರು ಬೈದದ್ದು ನನ್ನನ್ನಲ್ಲ. ನನ್ನ ಹೆಗಲ ಮೇಲಿಂದ ಯಾರನ್ನೋ ನೋಡುತ್ತ, "ಯಾರ್ರೀ ಬಾಯಾಗ ತುಳಿದೋರು? ದೊಡ್ಡ ನೀರು ಬಂದ ವರ್ಷ ಸೊಂಟ ಹಿಡ್ಕೊಂಡು ಅರ್ಧಕ್ಕೇ ಮ್ಯಾಲೆ ಹತ್ತಿದೋರು ಯಾರು? ಹೇಳ್ರಿ! ಯಾಕ ಸುಮ್ಮನದೀರಿ?" ಎಂದರು. ಎಂದವರ ಕಾಲು ಅಲ್ಲೇ ನಿಂತವು.

"ಕಾಲು ನಿಂತ್ವು ನೋಡಿ!" ದಡದಿಂದ ದೊಡ್ಡಮ್ಮನ ದನಿ. "ಅವ್ರು ಹೇಳಿದ್ದು ಸುಳ್ಳಲ್ಲ!"

ಮತ್ತೆ ಶುರುವಾಯಿತು. ಅವರ ತುಳಿತ ನನ್ನ ಪಾದದ ಮೇಲೂ ಮೂರ್ನಾಲ್ಕು ಸಲ ಬಿತ್ತು. ಈಗ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೇಲೆ ಬಂದ ಮೇಲೆ ಅವರು ಎಲೆಯಡಿಕೆ ಚೀಲ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿದರು. ಅದನ್ನು ನಿಮ್ಮ ಜಾಗದ ಕಡೆ ಚಾಚಿ, ನನ್ನನ್ನು ನೋಡಿ, ನನಗೇ ಕೊಟ್ಟರು. ನಾನು ಎಲೆ ಹಾಕುವುದಿಲ್ಲ. ಹಾಕಿಕೊಂಡೆ.

ಇವತ್ತು ಕಾಫಿ ಕುಡಿಯುವಾಗ ದೊಡ್ಡಮ್ಮನನ್ನು ಕೇಳಿದೆ: "ದೊಡ್ಡಪ್ಪ ನಿಜವಾಗ್ಲೂ ಹಾಗಂದಿದ್ರಾ?"

"ಎಲ್ಲಿ! ಬಸವಣ್ಯಪ್ಪನ ಬಲಗಾಲಿಲ್ಲ ಅಂದಿದ್ರೆ ನಡುಕಿಂಡಿ ಒಂದು ವರ್ಷಾನೂ ನಿಲ್ತಿರ್ಲಿಲ್ಲ ಅಂದಿದ್ರು. ಅವನಿಗೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂರ್ತಾನೆ ಅಂತಲೂ ಅಂದಿದ್ರು."

"ಹಾಗಾದ್ರೆ ಹೇಳೋದೇ ಇಲ್ವಾ?"

"ಭತ್ತ ಮನೆಗೆ ಬರ್ಲಿ. ಈಗ್ಲೇ ಹೇಳಿ ಮೆತ್ತಗಾದ್ರೆ, ಮತ್ತೆ ಸೋರಿದ್ರೆ ಯಾರು ತುಳೀತಾರೆ? ನೀನಾ?"

ನಾನು ನನ್ನ ಊದಿದ ಪಾದ ನೋಡಿಕೊಂಡೆ. ನೀವಾಗಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?

ನಾಟಿ ಬರುವ ಸೋಮವಾರ. ಕೊಯ್ಲು ಮುಗಿದು, ಮಳೆಗೆ ಮೊದಲು ಅಣೆಯ ಹಲಗೆ ತೆಗೆಯಲಾಗುವುದು. ಅಂದು ನಡುಕಿಂಡಿಯ ಬಳಿ, ನೀವು ಬೇಡವೆಂದಿದ್ದರೂ, ಬಲಗಾಲಿನ ಮಾತನ್ನು ಬಸವಣ್ಯಪ್ಪನವರಿಗೆ ತಿಳಿಸಲಾಗುವುದು. ತಿಳಿಸುವವರು ದೊಡ್ಡಮ್ಮ.

ನಿಮ್ಮ ತಮ್ಮನ ಮಗ