ಯಜಮಾನರ ವಿಳಾಸ

ಪ್ರೀತಿಯ ಅಣ್ಣ,

ನಿನ್ನ ಮಂಡಿನೋವು ಕಡಿಮೆಯಾಗಿದೆ ಎಂದು ಅತ್ತಿಗೆ ಹೇಳಿದರು. ಸಮಾಧಾನವಾಯಿತು.

ನೀನು ನಿನ್ನ ಪಾಲಿನ ಷೇರು ಮಾರಿದ ಮೇಲೆ ಅಪ್ಪನ ಕಲ್ಲುಪುಡಿ ಕಾರ್ಖಾನೆ ಹೂಡಿಕೆದಾರರ ಕೈಗೆ ಹೋಯಿತಲ್ಲ, ಅವರು ನಾನು ನೋಡಿಕೊಳ್ಳುತ್ತಿದ್ದ ಕಾರ್ಮಿಕರ ಚಿಕಿತ್ಸಾಲಯವನ್ನು ಮುಚ್ಚಿದ್ದಾರೆ. ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ ಈ ವರ್ಷ ಹೆದ್ದಾರಿಯ ಬದಿಗೆ ಗಿಡ ನೆಡುತ್ತಾರೆ. "ಗಿಡ ಆದ್ರೆ ಫೋಟೋದಲ್ಲಿ ಕಾಣತ್ತೆ ಮೇಡಂ" ಎಂದರು ಹೊಸ ಮ್ಯಾನೇಜರ್.

ನಿನ್ನೆ ಮೇಸ್ತ್ರಿಯ ಹೆಂಡತಿ ಬಂದಿದ್ದರು. ಚಿಕ್ಕಂದಿನಲ್ಲಿ ನಿನ್ನನ್ನು ಹೆಗಲ ಮೇಲೆ ಹೊತ್ತು ಕಾರ್ಖಾನೆ ತೋರಿಸುತ್ತಿದ್ದ ಅದೇ ಮೇಸ್ತ್ರಿ. ಈಗ ಅವರ ಎದೆಯೆಲ್ಲ ಕಲ್ಲಿನ ಧೂಳು.

"ಯಜಮಾನ್ರನ್ನ ನೋಡ್ಬೇಕು ತಾಯಿ" ಎಂದರು.

ಗಂಡನನ್ನು ಎಲ್ಲೋ ಸೇರಿಸಿದ್ದಾರೆಂದುಕೊಂಡು, "ಯಾವ ಆಸ್ಪತ್ರೇಲಿದ್ದಾರೆ?" ಎಂದೆ.

"ನನ್ನ ಯಜಮಾನ್ರು ಮನೇಲೇ ಕೂತಿದ್ದಾರೆ, ಮಲಗಿದ್ರೆ ಉಸಿರು ಕಟ್ಟತ್ತೆ. ನಾನು ಕೇಳಿದ್ದು ಕಾರ್ಖಾನೆ ಯಜಮಾನ್ರನ್ನ. ನಿಮ್ಮಪ್ಪ ಇದ್ದಾಗ ಈ ಬಾಗಿಲಲ್ಲೇ ನಿಂತು ಬೈದು, ಔಷಧಿ ಇಸ್ಕೊಂಡು ಹೋಗ್ತಿದ್ದೆ. ಈಗ ಯಾರನ್ನ ಬೈಲಿ?"

ಚಿಕಿತ್ಸಾಲಯದಲ್ಲಿ ಉಳಿದಿದ್ದ ಕಡೆಯ ಆಕ್ಸಿಜನ್ ಸಿಲಿಂಡರನ್ನು ಅವರ ಮನೆಗೆ ಕಳಿಸಿದೆ. ನಾನೇ ಕೊಂಡುಕೊಡೋಣವೆಂದರೆ ಅಂಥ ಮನೆಗಳು ಒಂದೆರಡಲ್ಲ.

ನೀನು ಸಹಿ ಹಾಕುವಾಗ ಎದುರಿಗೆ ಯಾರಾದರೂ ಕುಳಿತಿದ್ದರೆ ಅವರ ಹೆಸರು, ವಿಳಾಸ ಬರೆದು ಕಳಿಸು. ಸಿಲಿಂಡರ್ ಖಾಲಿಯಾಗುವ ಮುಂಚೆ ಬೇಕು.

ಎದುರಿಗೆ ಯಾರೂ ಇರಲಿಲ್ಲ, ಬರೀ ಕಾಗದವಿತ್ತು ಎನ್ನುವುದಾದರೆ ಅದನ್ನೂ ತಿಳಿಸು. ಆಕೆಗೆ ನಿನ್ನ ವಿಳಾಸವನ್ನೇ ಕೊಡುತ್ತೇನೆ.

ಅಪ್ಪನ ಬಾಗಿಲಲ್ಲೇ ಇರುವ,
ನಿನ್ನ ತಂಗಿ